ಕುಂಡಕ್ಕೆ ಚೆಲ್ಲಿದ ಚರಗ

ಮಣ್ಣಿನ ಕುಂಡಕ್ಕೆ ಒಂದೂಕಾಲು ರೂಪಾಯಿ. ಅದರಡಿಗೆ ಇಡುವ ತಟ್ಟೆಗೆ ಎಂಟಾಣೆ. ಕೆಂಪು ಮಣ್ಣು, ಮರಳು, ಎಲೆಗೊಬ್ಬರ ತಂದು ಹಾಕಿದ ಬಂಡಿಯವನಿಗೆ ಮೂರು ರೂಪಾಯಿ. ಗಿಡ ಬೆಂಗಳೂರಿನ ಲಾಲ್‌ಬಾಗಿನದು, ಹದಿನೆಂಟು ರೂಪಾಯಿ. ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಾದಾಮಿಯವರೆಗೆ ಕೂತು ಬಂದ ಶ್ರೀಕಂಠಯ್ಯ ಸಾಹೇಬರ ಸೊಂಟಕ್ಕೆ ಎಣ್ಣೆ ತಿಕ್ಕಿದವನಿಗೆ ಎರಡು ರೂಪಾಯಿ. ಎಲ್ಲ ಸೇರಿ ಇಪ್ಪತ್ತೈದಕ್ಕೆ ನಾಲ್ಕಾಣೆ ಕಡಿಮೆ. ಇದು ದೊಡ್ಡ ಗಿಡ ಒಂದರ ಖರ್ಚು. ಇದರ ಜೊತೆಗೆ ಇನ್ನೂ ನಾಲ್ಕು ಗಿಡಗಳಿದ್ದವು.

ಈ ಲೆಕ್ಕವನ್ನು ಗುರಲಿಂಗಪ್ಪ ತನ್ನ ತಾಯಿ ಸೋಮವ್ವನಿಗೆ ಹೇಳಿದಾಗ ಆಕೆ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಹದಿನೆಂಟ ರೂಪಾಯಿ ಕೊಟ್ಟ ತಂದದ್ದು ಒಂದ ಬದನಿಕಾಯಿನೂ ಬಿಡಾಂಗಿಲ್ಲೇನೋ?"

"ಇಲ್ಲವ್ವಾ."

"ಹೂವು?"

"ಇಲ್ಲ."

"ಹಂಗಾರ ನಿಮ್ಮ ಸಾಹೇಬ್ರು ಅದನ್ನ ಯಾಕ ಸಾಕ್ಯಾರು?"

"ನೋಡಾಕ."

"ನೋಡಾಕ!" ಎಂದು ಸೋಮವ್ವ ಗಿಡದ ಕಡೆಗೊಮ್ಮೆ, ಮಗನ ಕಡೆಗೊಮ್ಮೆ ನೋಡಿ ಮೊರ ಎತ್ತಿಕೊಂಡಳು.

ಗುರಲಿಂಗಪ್ಪ ಬಾದಾಮಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಶ್ರೀಕಂಠಯ್ಯನವರು ಅಲ್ಲಿಯ ಸಾಹೇಬರು. ಮೈಸೂರು ಕಡೆಯ ಮೃದು ಮಾತಿನ ಮನುಷ್ಯ. ಕಚೇರಿಯ ಕಡತಗಳ ಮೇಲೆ ಧೂಳಿದ್ದರೂ ಸಹಿಸುತ್ತಿದ್ದರು, ತಮ್ಮ ಗಿಡಗಳ ಎಲೆಯ ಮೇಲೆ ಧೂಳನ್ನು ಸಹಿಸುತ್ತಿರಲಿಲ್ಲ. ಮಗಳ ಮಗುವಿನ ನಾಮಕರಣಕ್ಕೆಂದು ಮೂರು ವಾರ ಬೆಂಗಳೂರಿಗೆ ಹೊರಟಾಗ ಐದೂ ಕುಂಡಗಳನ್ನು ಗುರಲಿಂಗಪ್ಪನ ಬಾಡಿಗೆ ಮನೆಗೆ ಸಾಗಿಸಿದರು.

"ನೋಡಯ್ಯ, ಬಿಸಿಲಿಗೆ ಇಡಬೇಡ. ದಿನ ಬಿಟ್ಟು ದಿನ ಒಂದು ಲೋಟ ನೀರು. ಒದ್ದೆ ಬಟ್ಟೆಯಲ್ಲಿ ಎಲೆ ಒರೆಸು. ಹಗಲೆಲ್ಲ ಕಿಟಕಿ ತೆರೆದಿರಬೇಕು, ಬೆಳಕು ಬೇಕು. ನಾನು ಬಂದಾಗ ಐದೂ ಜೀವಂತ ಇದ್ದರೆ ಅವತ್ತೇ ನಿನ್ನ ಹುನಗುಂದದ ವರ್ಗಾವಣೆ ನಿನ್ನ ಕೈಯಲ್ಲಿ. ಒಂದು ಸತ್ತರೂ..." ಎಂದು ಸಾಹೇಬರು ಮಾತು ನಿಲ್ಲಿಸಿ ಕನ್ನಡಕ ಒರೆಸಿಕೊಂಡಿದ್ದರು.

ಹುನಗುಂದ ಎಂದ ಕೂಡಲೇ ಗುರಲಿಂಗಪ್ಪನ ಕಣ್ಣು ದೀಪದಂತೆ ಹೊತ್ತಿಕೊಂಡಿತ್ತು. ಅವನ ಹೆಂಡತಿ ಸಾವಂತ್ರವ್ವ ಹುನಗುಂದ ತಾಲೂಕಿನ ಮರೋಳದ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಹತ್ತು ತಿಂಗಳ ಮಗಳು ಅಲ್ಲೇ. ಮಗಳಿಗೆ ಹಲ್ಲು ಬಂದದ್ದನ್ನು ಅವನು ಕಾಗದದಲ್ಲಿ ಓದಿ ತಿಳಿದಿದ್ದ. ಹೋದ ಸಲ ಎತ್ತಿಕೊಂಡಾಗ ಮಗು ಅವನ ಮೀಸೆ ನೋಡಿ ಊರು ಕೇಳುವಂತೆ ಅತ್ತಿತ್ತು. ಹುನಗುಂದಕ್ಕೆ ವರ್ಗವಾದರೆ ಸೈಕಲ್ ತುಳಿದುಕೊಂಡು ದಿನಾ ಸಂಜೆ ಮನೆ ಸೇರಬಹುದು. ಎರಡು ವರ್ಷದಿಂದ ಅವನು ಬೇಡುತ್ತ ಬಂದದ್ದು ಇದೊಂದನ್ನೇ.

ತೊಂದರೆಯಿದ್ದದ್ದು ಕಿಟಕಿಯದು. ಬಾದಾಮಿಯಲ್ಲಿ ಹಗಲುಹೊತ್ತು ಕಿಟಕಿ ತೆರೆದಿಡುವವರು ಎರಡೇ ಬಗೆಯವರು: ಊರಿಗೆ ಹೊಸದಾಗಿ ಬಂದವರು ಮತ್ತು ಕೋತಿಗಳಿಗೆ ಬೇಕಾದವರು. ಗುಡ್ಡದ ಗವಿಗಳಿಂದ ಇಳಿದು ಬರುವ ಕೋತಿಗಳಿಗೆ ಯಾರ ಮನೆಯಲ್ಲಿ ಯಾವ ಡಬ್ಬಿಯಲ್ಲಿ ಶೇಂಗಾ ಇದೆಯೆಂಬುದು ಮನೆಯ ಸೊಸೆಗಿಂತ ಚೆನ್ನಾಗಿ ಗೊತ್ತು. ಹೀಗಾಗಿ ಗುರಲಿಂಗಪ್ಪ ಕಚೇರಿಯಲ್ಲಿದ್ದಾಗ ಕಿಟಕಿಯ ಮುಂದೆ ಕೋಲು ಹಿಡಿದು ಕೂರಲು ಸೋಮವ್ವನನ್ನು ಮರೋಳದಿಂದ ಕರೆಸಿಕೊಂಡಿದ್ದ. ಕುರಿ ಕಾಯ್ದ ಮನೆತನದ ಹೆಣ್ಣುಮಗಳು ಗಿಡ ಕಾಯುತ್ತ ಕೂತಳು. ಮೂರು ವಾರ ಒಂದು ಎಲೆಯೂ ಉದುರಲಿಲ್ಲ.

ಉಳಿದದ್ದು ಕೊನೆಯ ಒಂದು ದಿನ. ಎಪ್ಪತ್ತೈದನೆಯ ಇಸವಿಯ ಎಳ್ಳಮಾಸಿ, ರವಿವಾರ. ಸಾಹೇಬರು ರಾತ್ರಿಯ ಗಾಡಿಗೆ ಬರುವವರಿದ್ದರು.

ಎಳ್ಳಮಾಸಿ ಎಂದರೆ ಈ ಕಡೆಯ ಜನ ಊರಿಗೆ ಬೀಗ ಹಾಕಿ ಹೊಲಕ್ಕೆ ಹೋಗುವ ದಿನ. ಬೆಳೆ ಹೊತ್ತು ನಿಂತ ಭೂಮಿ ಬಸುರಿ ಹೆಣ್ಣು. ಆಕೆಯ ಬಯಕೆಗೆಂದು ಬಗೆಬಗೆಯ ಅಡಿಗೆ ಮಾಡಿ ಬುಟ್ಟಿ ಹೊತ್ತು ಒಯ್ದು, ಎಲ್ಲವನ್ನೂ ಕಲಸಿ, 'ಹುಲ್ಲುಲ್ಲಿಗ್ಯೋ' ಎಂದು ಕೂಗುತ್ತ ಹೊಲದ ನಾಲ್ಕು ದಿಕ್ಕಿಗೂ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ಬೆಳೆಯ ನಡುವೆ ಕೂತು ಹೊಟ್ಟೆ ಬಿರಿಯುವಂತೆ ಉಣ್ಣುತ್ತಾರೆ.

ಸೋಮವ್ವ ನಸುಕಿನಲ್ಲೇ ಎದ್ದು ಎಲ್ಲವನ್ನೂ ಮಾಡಿದ್ದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯೆ, ಕರಿಗಡುಬು, ಶೇಂಗಾ ಹೋಳಿಗೆ, ಮೊಸರನ್ನ. ಬುಟ್ಟಿಗೆ ತುಂಬಿ ಬಟ್ಟೆ ಕಟ್ಟಿದ ಮೇಲೆ ಹೊಸ್ತಿಲ ಬಳಿ ಬಂದು ನಿಂತಳು. ಹೋಗುವುದಕ್ಕೆ ಹೊಲ ಇರಲಿಲ್ಲ. ಹಾಗೇ ಕುಕ್ಕರಿಸಿದಳು.

"ಇಷ್ಟ ವರ್ಷದಾಗ ಹೊಲಕ್ಕ ಹೋಗಲಾರದ ಎಳ್ಳಮಾಸಿ ಇದ ಮೊದಲು ನೋಡು," ಎಂದಳು. "ಬಸುರಿಗೆ ಬಯಕಿ ಉಣಸಲಾರದ ಕುಂತೇನಿ."

"ಮರೋಳದಾಗ ಅಣ್ಣ ಚೆಲ್ಲತಾನಲ್ಲವ್ವಾ."

"ಅಂವ ಚೆಲ್ಲಿದ್ದು ಅವನ ಪುಣ್ಯೇಕ. ನನ್ನ ಪುಣ್ಯೇ ನಿಮ್ಮ ಸಾಹೇಬ್ರ ಎಲಿ ಕಾಯೂದ್ರಾಗ ಹೋತು."

ಗುರಲಿಂಗಪ್ಪ ಆಕೆಯ ಪಕ್ಕ ಕುಕ್ಕರಿಸಿದ. "ಇದೊಂದ ದಿನ ತಡಕೋ ಯವ್ವಾ. ನಾಳೆ ಆರ್ಡರ ಕೈಯಾಗ ಬರತೈತಿ, ಊರಿಗೇ ಹೋಗೂಣು," ಎಂದು ಸಮಾಧಾನ ಹೇಳಿ, ಸಾಹೇಬರ ಬಂಗಲೆಯ ಕಸ ಹೊಡೆಸಿ ನೀರು ತುಂಬಿಸಲು ಬೀಗದ ಕೈ ತೆಗೆದುಕೊಂಡು ಹೋದ.

ಹೊತ್ತೇರಿದ ಮೇಲೆ ತಿರುಗಿ ಬರುತ್ತಿದ್ದಾಗ ಓಣಿಯ ತಿರುವಿನಲ್ಲೇ ಕೂಗು ಕಿವಿಗೆ ಬಿತ್ತು.

"ಹುಲ್ಲುಲ್ಲಿಗ್ಯೋ! ಹುಲ್ಲುಲ್ಲಿಗ್ಯೋ!"

ಊರೊಳಗೆ ಯಾರಪ್ಪ ಹೊಲ ಮಾಡಿದವರು ಎಂದುಕೊಂಡ. ಮುಂದೆ ಬಂದಂತೆ ಕೂಗು ದೊಡ್ಡದಾಯಿತು. ತನ್ನ ಮನೆಯ ಬಾಗಿಲ ಮುಂದೆ ಒಂದು ರಾಶಿ ಚಪ್ಪಲಿ ಕಂಡಾಗ ಅವನು ತನ್ನ ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲು ದಾಟಿದ.

ಒಳಗೆ ನಾಲ್ಕು ಕುಂಡ ಕೋಣೆಯ ನಾಲ್ಕು ಮೂಲೆಗೆ ಹೋಗಿದ್ದವು. ನಡುವೆ ಹದಿನೆಂಟು ರೂಪಾಯಿಯ ದೊಡ್ಡೆಲೆಯ ಗಿಡ. ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಎಳ್ಳಮಾಸಿಗೆ ಹೊಲದಲ್ಲಿ ಪೂಜಿಸುವ ಪಾಂಡವರು ಅವೇ. ಕೋತಿ ಓಡಿಸುವ ಕೋಲನ್ನು ಕುಂಡದಲ್ಲಿ ನೆಟ್ಟು, ಗಿಡಕ್ಕೂ ಕೋಲಿಗೂ ಸೇರಿಸಿ ಹಸಿರು ಕುಪ್ಪಸದ ಖಣ ಉಡಿಸಲಾಗಿತ್ತು. ಹಣೆಗೆ ಕುಂಕುಮ ಹಚ್ಚಲು ಜಾಗ ಸಿಗದೆ ಎಲೆ ಎಲೆಗೂ ಹಚ್ಚಿದ್ದರು. ಮನೆದೇವರು ಬೀರಪ್ಪನ ಭಂಡಾರದ ಅರಿಸಿನ ಎಲ್ಲ ಗಿಡಗಳ ಮೇಲೂ ಹಾರಾಡಿತ್ತು. ಓಣಿಯ ಏಳೆಂಟು ಹೆಂಗಸರು ಸುತ್ತ ನಿಂತಿದ್ದರು. ಸೋಮವ್ವ ಹದಿನೆಂಟರ ಹುಡುಗಿಯಂತೆ ಸೆರಗು ಬಿಗಿದು, ಬುಟ್ಟಿಯಿಂದ ಬೊಗಸೆ ಬೊಗಸೆ ಎತ್ತಿ ಚೆಲ್ಲುತ್ತಿದ್ದಳು. ಮೂಡಲಿಗೆ ಚೆಲ್ಲಿದ್ದು ಮನಿ ಪ್ಲ್ಯಾಂಟಿನ ಮೇಲೆ ಬಿತ್ತು. ಪಡುವಲಿಗೆ ಚೆಲ್ಲಿದ್ದು ಕ್ರೋಟನ್ನಿನ ಮೇಲೆ. ಬಾಗಿಲ ದಿಕ್ಕಿಗೆ ಚೆಲ್ಲಿದ್ದು ಗುರಲಿಂಗಪ್ಪನ ಎದೆಗೆ ಬಡಿದು ಅಂಗಿಯ ಕಿಸೆಯೊಳಗೆ ಇಳಿಯಿತು.

"ಯವ್ವಾ!"

"ಚಪ್ಪಲ ಹೊರಗ ಬಿಟ್ಟ ಬಾರೋ ತಮ್ಮಾ, ಹೊಲದಾಗ ಹಂಗ ಬರ್ತಾರೇನು?" ಎಂದವಳು ಸಕ್ರವ್ವ. ಆ ಮನೆಯ ಒಡತಿ. ಪಕ್ಕದ ಕೋಣೆಯಲ್ಲಿ ಮಗ್ಗ ಹಾಕಿಕೊಂಡು ಖಣ ನೇಯುವವಳು. ಆ ಹಸಿರು ಖಣವೂ ಅವಳದೇ.

"ಯಕ್ಕಾ, ಇದು ಹೊಲಾ ಅಲ್ಲ. ಸಾಹೇಬ್ರ ಗಿಡಾ!"

"ಸಾಹೇಬ್ರ ಗಿಡಕ್ಕ ಭೂಮ್ತಾಯಿ ಬ್ಯಾರೆ ಇರತಾಳೇನು? ಕುಂಡದಾಗಿನ ಮಣ್ಣ ಎಲ್ಲಿದು?"

"ಬನಶಂಕರಿ ಕಡೆದು."

"ಮತ್ತ! ನಮ್ಮ ಮಣ್ಣ."

"ನಿಮ್ಮವ್ವ ಹೊಸ್ತಲದಾಗ ಕುಂತ ಕಣ್ಣೀರ ಹಾಕಾಕತ್ತಿದ್ಲು," ಎಂದಳು ಇನ್ನೊಬ್ಬಳು. "ನಮಗರ ಎಲ್ಲೈತಿ ಹೊಲಾ? ನೇಯೂ ಮಂದಿ ನಾವು. ಎಳ್ಳಮಾಸಿ ದಿನಾ ಬ್ಯಾರೇದವರ ಬಂಡಿ ಹೋಗೂದ ನೋಡಕೋತ ನಿಂದರತಿದ್ವಿ. ಈ ವರ್ಷ ನಮ್ಮ ಓಣಿಗೇ ಬೆಳಿ ಬಂದೈತಿ."

ಗುರಲಿಂಗಪ್ಪ ಬಾಯಿ ತೆರೆದ. ತಾಯಿಯ ಮುಖ ನೋಡಿದ. ಆ ಮುಖದಲ್ಲಿ ಬೆಳಗಿನ ಕತ್ತಲೆಯ ಒಂದು ಗೆರೆಯೂ ಉಳಿದಿರಲಿಲ್ಲ. ತೆರೆದ ಬಾಯಿಗೆ ಸಕ್ರವ್ವ ಒಂದು ಕಡುಬು ಇಟ್ಟಳು. ಮಾತು ಅಲ್ಲಿಗೆ ಮುಗಿಯಿತು.

ಚರಗ ಚೆಲ್ಲಿದ ಮೇಲೆ ಬೆಳೆಯ ನಡುವೆ ಉಣ್ಣದಿದ್ದರೆ ಆಗುವುದಿಲ್ಲ. ಗುರಲಿಂಗಪ್ಪ ಕ್ರೋಟನ್ನಿಗೆ ಬೆನ್ನು ಕೊಟ್ಟು ಕೂತ. ರಾತ್ರಿಯವರೆಗೂ ಹೊತ್ತಿದೆ, ಒಂದೊಂದೇ ಅಗುಳು ಆರಿಸಿ ಎಲೆ ಒರೆಸಿದರಾಯಿತು ಎಂದು ಲೆಕ್ಕ ಹಾಕಿದ. ಹಸಿದವನ ಮುಂದೆ ಸಜ್ಜಿ ರೊಟ್ಟಿ, ಎಣಗಾಯಿ ಬಂದು ಕೂತರೆ ಅರ್ಧ ಸಿಟ್ಟು ತಾನಾಗಿಯೇ ಇಳಿಯುತ್ತದೆ. ಉಳಿದರ್ಧ ಶೇಂಗಾ ಹೋಳಿಗೆಗೆ ಇಳಿಯಿತು. ನಗುವೇನು, ಹಾಡೇನು, ಒಬ್ಬರ ಎಲೆಗೆ ಒಬ್ಬರು ಬಡಿಸುವುದೇನು! ಆ ಸಡಗರದಲ್ಲಿ ಕಿಟಕಿ ಬೆಳಗಿನಿಂದ ತೆರೆದೇ ಇದೆ, ಕಾಯುವ ಕೋಲು ದೇವಿಯಾಗಿ ಖಣ ಉಟ್ಟು ನಿಂತಿದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಮೊದಲು ಬಂದದ್ದು ಒಂದು ಕೈ. ಕಿಟಕಿಯ ಮುರಿದ ಸರಳಿನ ಸಂದಿನಿಂದ ನಿಧಾನವಾಗಿ ಇಳಿದು ಮನಿ ಪ್ಲ್ಯಾಂಟಿನ ಮೇಲಿದ್ದ ಕಡುಬಿನ ಚೂರು ಎತ್ತಿಕೊಂಡಿತು. ಆ ಕೈಯ ಹಿಂದೆ ಒಂದು ಮೋರೆ. ಮೋರೆಯ ಹಿಂದೆ ಇಡೀ ಬಳಗ.

"ಮಂಗ್ಯಾ! ಮಂಗ್ಯಾ ಬಂದ್ವು!"

ಹೆಂಗಸರು ಬುಟ್ಟಿ ಹಿಡಿದು ಮಗ್ಗದ ಕೋಣೆಗೆ ನುಗ್ಗಿದರು. ಗುರಲಿಂಗಪ್ಪ ಕೋಲಿಗೆ ಕೈ ಹಾಕಿದ.

"ಮುಟ್ಟಬ್ಯಾಡೋ, ದೇವ್ರನ್ನ ಕೀಳಬಾರದು!" ಎಂದು ಸೋಮವ್ವ ಅವನ ಕೈ ಹಿಡಿದಳು.

ಎಂಟು ಕೋತಿ ಒಳಗಿಳಿದವು. ನಾಲ್ಕು ದಿಕ್ಕಿಗೆ ಚೆಲ್ಲಿದ್ದ ಚರಗವನ್ನು ನಾಲ್ಕು ದಿಕ್ಕಿಗೆ ಹಂಚಿಕೊಂಡವು. ಅನ್ನ ಅಂಟಿದ ಎಲೆಯನ್ನು ಬಿಡಿಸಿ ತಿನ್ನುವಷ್ಟು ತಾಳ್ಮೆ ಕೋತಿಗೆ ಎಲ್ಲಿಂದ ಬರಬೇಕು? ಎಲೆಯನ್ನೇ ಕಿತ್ತು, ಅನ್ನ ನೆಕ್ಕಿ, ಎಲೆ ಎಸೆದವು. ಒಂದು ಮನಿ ಪ್ಲ್ಯಾಂಟಿನ ಬಳ್ಳಿಯನ್ನು ಹಲ್ಲಿನಿಂದ ಕಡಿದು ಕೊರಳಿಗೆ ಹಾಕಿಕೊಂಡು ಸನ್ಮಾನಕ್ಕೆ ಬಂದ ಅತಿಥಿಯಂತೆ ಕೂತಿತು. ಇನ್ನೊಂದು ಕ್ರೋಟನ್ನಿನ ತುದಿ ಚಿವುಟಿತು. ತಾಯಿಕೋತಿಯೊಂದು ಮರಿಯನ್ನು ಜರಿಗಿಡದ ಮೇಲೆ ಮಲಗಿಸಿ ಹೇನು ನೋಡತೊಡಗಿತು. ಬಿಗೋನಿಯಾದ ಮೇಲೆ ಯಾವುದು ಏನು ಮಾಡಿತೋ, ಆಮೇಲೆ ನೋಡಿದಾಗ ಅದರಲ್ಲಿ ಅರ್ಧವೇ ಉಳಿದಿತ್ತು.

ಬಳಗದ ಹಿರಿಯ, ಕೆಂಪು ಮೋರೆಯ ದಡಿಯ, ನಡುವಿನ ದೊಡ್ಡ ಗಿಡವನ್ನು ತಬ್ಬಿ ಬಗ್ಗಿಸಿತು. ಗಿಡ ಚಟ್ಟೆಂದಿತು. ಸೀಳಿದ ಕಾಂಡಕ್ಕೆ ಕೋತಿ ಬಾಯಿ ಹಾಕಿ ಒಂದು ದೊಡ್ಡ ತುತ್ತು ಕಚ್ಚಿತು.

ಮರುಕ್ಷಣ ಅದರ ಕಣ್ಣು ಗುಂಡಗಾದವು. ಆ ಗಿಡದ ರಸ ಕೆಸುವಿನ ಗೆಡ್ಡೆಯಂತೆ ಬಾಯಿ ಕೊರೆಯುವಂಥದು. ನಾಲಿಗೆ ಹೊರಗೆ ಬಂದು ಹೊರಗೇ ಉಳಿಯಿತು. ಜೊಲ್ಲು ಸುರಿಸುತ್ತ ಗೋಡೆಗೆ ನಾಲಿಗೆ ತಿಕ್ಕಿತು, ಬಾಲಕ್ಕೆ ತಿಕ್ಕಿತು. ಗುಟುರು ಹಾಕಲು ಹೋದರೆ ದನಿ ಹೊರಡಲಿಲ್ಲ. ಹಿರಿಯನ ಮಾತೇ ನಿಂತುಹೋದದ್ದು ಕಂಡು ಬಳಗಕ್ಕೆ ದಿಗಿಲಾಯಿತು. ಎಂಟೂ ಕೋತಿ ಬಂದ ಕಿಟಕಿಯಿಂದಲೇ ಹಾರಿದವು. ಮೂರು ವಾರ ಕೋಲು ಹಿಡಿದು ಮಾಡಿದ ಕಾವಲನ್ನು ಗಿಡ ತಾನೇ ಒಂದು ತುತ್ತಿನಲ್ಲಿ ಮಾಡಿ ತೋರಿಸಿತ್ತು.

ಕೋಣೆಯಲ್ಲಿ ಉಳಿದದ್ದು ಒಂದು ಗೇಣು ಮನಿ ಪ್ಲ್ಯಾಂಟು, ಬೋಳು ತಲೆಯ ಕ್ರೋಟನ್ನು, ಹಾಸಿಗೆಯಂತಾದ ಜರಿಗಿಡ, ಅರ್ಧ ಬಿಗೋನಿಯಾ, ಸೊಂಟ ಮುರಿದು ಖಣದ ಆಸರೆಯಲ್ಲಿ ಜೋಲುತ್ತಿದ್ದ ಹದಿನೆಂಟು ರೂಪಾಯಿ.

ಗುರಲಿಂಗಪ್ಪ ಗೋಡೆಗೊರಗಿ ಕೂತ. ಕಣ್ಣ ಮುಂದೆ ಗಿಡ ಇರಲಿಲ್ಲ, ಮೀಸೆ ನೋಡಿ ಅಳುವ ಮಗಳಿದ್ದಳು.

ಆ ಹೊತ್ತಿಗೆ ಸರಿಯಾಗಿ ಸೈಕಲ್ ಎಸೆದು ಓಡಿ ಬಂದವನು ಕಾಶಪ್ಪ. ಅದೇ ಕಚೇರಿಯ ಜವಾನ.

"ಲೇ ಗುರ್ಯಾ, ಸಾಹೇಬ್ರ ತಾರ ಬಂದೈತಿ! ರಾತ್ರಿ ಗಾಡಿಗೆ ಅಲ್ಲಂತ, ಮಧ್ಯಾಹ್ನದ ಗಾಡಿಗೇ ಬರ್ತಾರಂತ. ಸ್ಟೇಷನ್ನಿಂದ ಸೀದಾ ಇಲ್ಲಿಗೆ, ಮೊದಲ ಗಿಡಾ ನೋಡಿ ಆಮ್ಯಾಲ ಮನೀಗಂತ!" ಎಂದು ಕೋಣೆಯ ಸುತ್ತ ಕಣ್ಣಾಡಿಸಿದ. "ಇದೇನಲೇ, ಉಂಡ ಎಲಿ ಇಲ್ಲೇ ಒಗದೀರಿ?"

"ಅವ ಗಿಡಾ!"

ಕಾಶಪ್ಪ ಒಂದೆಲೆ ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟ. ಆಮೇಲೆ, "ಒಂದ ಕೆಲಸಾ ಮಾಡು. ಚಳಿ ಜ್ವರಾ ಬಂದೈತಿ ಅನ್ನು," ಎಂದ.

"ಗಿಡಕ್ಕೋ?"

"ನಿನಗೋ! ಕಂಬಳಿ ಹೊಚಗೊಂಡ ಮಲಗು. ಸಾಹೇಬ್ರು ಬಂದ್ರ ನಾ ಅಳತೇನಿ."

"ನೀ ಅತ್ತರ ಆರ್ಡರ ಬರತೈತೇನಲೇ?"

"ಬಿಡ್ರೋ ಇಬ್ರೂ," ಎಂದು ಸಕ್ರವ್ವ ಮಗ್ಗದ ಕೋಣೆಯಿಂದ ಹೊರಬಂದಳು. "ಹರಕೊಂಡ ನೂಲು ದಿನಾ ನೂರ ಕಟ್ಟತೇನಿ. ಈ ಗಿಡಾ ಕಟ್ಟಾಕ ಬರಾಂಗಿಲ್ಲೇನು? ಕಾಶಪ್ಪಾ, ಸೈಕಲ್ ಹತ್ತು. ಸ್ಟೇಷನ್ನಾಗ ನಮ್ಮ ಇಮಾಮಹುಸೇನನ ಟಾಂಗಾ ಇರತೈತಿ. ಸಾಹೇಬ್ರನ್ನ ಅವನ ಟಾಂಗಾದಾಗ ಹತ್ತಸು. ಎಷ್ಟ ಸಾವಕಾಶ ಆಗತೈತಿ ಅಷ್ಟ ಸಾವಕಾಶ ಬಾ ಅಂತ ಹೇಳು."

ಕಾಶಪ್ಪ ಓಡಿದ. ಸ್ಟೇಷನ್ನು ಊರಿನಿಂದ ಮೂರು ಮೈಲಿ. ಇಮಾಮಹುಸೇನನ ಕುದುರೆ ಆ ದಾರಿಯ ಪ್ರತಿ ಕಲ್ಲನ್ನೂ ಮಾತಾಡಿಸಿಕೊಂಡು ಬರುವ ಕುದುರೆ. ಅದರ ಮೇಲೆ ಎಲ್ಲರಿಗೂ ಭರವಸೆಯಿತ್ತು.

ಓಣಿಗೆ ಓಣಿಯೇ ಕೆಲಸಕ್ಕೆ ನಿಂತಿತು. ತಪ್ಪು ತಮ್ಮದೆಂದು ಯಾರೂ ಬಾಯಲ್ಲಿ ಹೇಳಲಿಲ್ಲ, ಕೈ ಮಾತ್ರ ಸುಮ್ಮನಿರಲಿಲ್ಲ. ಒಬ್ಬಳು ಕುಂಕುಮ ಒರೆಸಿದಳು. ಒಬ್ಬಳು ಕಡಿದ ತುದಿಗಳಿಗೆ, ಕೈ ಕೊಯ್ದರೆ ಹಚ್ಚುವಂತೆ, ಅರಿಸಿನ ಹಚ್ಚಿದಳು. ಮಣ್ಣಿನಲ್ಲಿ ಬೆರೆತ ಮೊಸರನ್ನವನ್ನು ಆರಿಸಲಾಗದೆ ಸೋಮವ್ವ ಕೈಯಾಡಿಸಿ ಮಣ್ಣಿನೊಳಗೇ ಮುಚ್ಚಿದಳು. ಸಕ್ರವ್ವ ದೊಡ್ಡ ಗಿಡದ ಸೊಂಟ ಹಿಡಿದು ನೆಟ್ಟಗೆ ಮಾಡಿ, ಸೀಳಿಗೆ ಸಗಣಿ ಮಣ್ಣು ಮೆತ್ತಿ, ತೆಂಗಿನ ನಾರು ಸುತ್ತಿ, ಅದರ ಮೇಲೆ ಅದೇ ಹಸಿರು ಖಣದ ಚೂರು ಬಿಗಿದು, ಮಗ್ಗದ ನೂಲಿನಿಂದ ಒಂದರ ಮೇಲೊಂದು ಗಂಟು ಹಾಕಿದಳು. ಎಲುಬು ಮುರಿದವನ ಕಾಲಿಗೆ ಕಟ್ಟು ಹಾಕಿದಂತೆ ಕಂಡಿತು.

"ಹೊಲಿಯಾಕ ಬರ್ತಿದ್ರ ಎಲೀನೂ ಹೊಲಿತಿದ್ದೆ," ಎಂದು ಸಕ್ರವ್ವ ನಿಡುಸುಯ್ಯುವಷ್ಟರಲ್ಲಿ ಓಣಿಯ ತುದಿಯಲ್ಲಿ ಗೊರಸಿನ ಸದ್ದು ಕೇಳಿತು. ನಡಿಗೆಯದಲ್ಲ, ಓಟದ್ದು.

ಇಮಾಮಹುಸೇನನ ಟಾಂಗಾ ಧೂಳೆಬ್ಬಿಸುತ್ತ ಬಂದು ಬಾಗಿಲಿಗೆ ನಿಂತಿತು. ಸಾಹೇಬರ ಟೋಪಿ ಒಂದು ಕಿವಿಯ ಮೇಲಿತ್ತು. ಅವರ ಹೆಂಡತಿ, ಅಮ್ಮಾವರು, ಟಾಂಗಾದ ಕಂಬ ತಬ್ಬಿ ಕಣ್ಣು ಮುಚ್ಚಿದ್ದರು. ಇಮಾಮಹುಸೇನ ಕೆಳಗಿಳಿದು ಗುರಲಿಂಗಪ್ಪನ ಕಿವಿಯಲ್ಲಿ, "ಏನ ಮಾಡ್ಲಿ ತಮ್ಮಾ, ದಾರ್ಯಾಗ ಕುದುರಿಗೆ ಹೊಲದಿಂದ ಬರೂ ಬಂಡ್ಯಾಗ ಹಸಿ ಕಡ್ಲಿಗಿಡಾ ಕಂಡ್ತು. ಆ ಬಂಡಿ ಬೆನ್ನ ಹತ್ತಿ ಬಂದ್ತು. ಇಷ್ಟ ವರ್ಷದಾಗ ಅದು ಓಡಿದ್ದು ಇವತ್ತ ಖರೆ," ಎಂದ.

ಸಾಹೇಬರು ನೇರವಾಗಿ ಒಳಗೆ ಬಂದರು. ಕನ್ನಡಕ ಏರಿಸಿದರು. ಒಂದೊಂದೇ ಕುಂಡದ ಮುಂದೆ ನಿಂತರು. ಗುರಲಿಂಗಪ್ಪ ಕಿಸೆಯೊಳಗಿನ ಚರಗ ಕಾಣದಂತೆ ಅದರ ಮೇಲೆ ಕೈ ಇಟ್ಟುಕೊಂಡ.

"ಏನಯ್ಯಾ ಇದು?" ಎಂದರು ಕೊನೆಗೆ. "ಮನಿ ಪ್ಲ್ಯಾಂಟನ್ನ ಇಷ್ಟು ಗಿಡ್ಡ ಕತ್ತರಿಸಿದ್ದೀಯಾ?"

"ಕತ್ತರಸ್ಯಾವ್ರಿ ಸಾಹೇಬ್ರ..."

"ಕತ್ತರಿಸಲೇಬೇಕು!" ಸಾಹೇಬರು ಕೂಗಿಯೇಬಿಟ್ಟರು. "ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಚಳಿಗಾಲದ ಕೊನೆಗೆ ನಿರ್ದಯವಾಗಿ ಕತ್ತರಿಸಿ ಅಂತ. ಮೂರು ವರ್ಷದಿಂದ ಕತ್ತರಿ ಹಿಡಿದು ನಿಂತು ವಾಪಸ್ ಹೋಗಿದ್ದೇನೆ. ಧೈರ್ಯ ಬಂದಿರಲಿಲ್ಲ ನನಗೆ! ಯಾವುದರಿಂದ ಕತ್ತರಿಸಿದೆ?"

"ಭಾಳ ಚೂಪ ಇದ್ವುರಿ," ಎಂದ ಗುರಲಿಂಗಪ್ಪ.

"ಒಬ್ಬನೇ ಮಾಡಿದೆಯಾ?"

"ಇಲ್ರಿ. ಒಂದ ಎಂಟ ಮಂದಿ ಬಂದಿದ್ರು."

"ಎಂಟು ಜನ! ಕೂಲಿ ಏನು ಕೊಟ್ಟೆ?"

"ಕೂಲಿ ಏನಿಲ್ರಿ. ಕಡಬು ತಿಂದ ಹೋದ್ರು."

ಸೋಮವ್ವ ನಿಜ ಹೇಳಲು ಬಾಯಿ ತೆರೆದಳು. ಸಕ್ರವ್ವ ಆಕೆಯ ತೋಳು ಚಿವುಟಿದಳು.

ಸಾಹೇಬರು ಕ್ರೋಟನ್ನಿನ ಬೋಳು ತುದಿ ಮುಟ್ಟಿ ಬೆರಳು ನೋಡಿಕೊಂಡರು. "ಅರಿಸಿನ! ಗಾಯಕ್ಕೆ ಬೂಷ್ಟು ಹತ್ತದ ಹಾಗೆ." ಮಣ್ಣು ಕೆದಕಿ ಮೂಸಿದರು. "ಮೊಸರು! ಇಲ್ಲಿಯ ನೀರು ಗಡಸು, ಮಣ್ಣಿಗೆ ಹುಳಿ ಬೇಕು ಅಂತ ಇವನಿಗೆ ಯಾರು ಹೇಳಿಕೊಟ್ಟರು?" ಜರಿಗಿಡವನ್ನು ಎತ್ತಿ ನೋಡಿದರು. "ಹಳೆಯ ಗರಿಗಳನ್ನ ಮಲಗಿಸಿ ಹೊಸ ಚಿಗುರಿಗೆ ಜಾಗ ಮಾಡಿದ್ದಾನೆ!" ಕೊನೆಗೆ ದೊಡ್ಡ ಗಿಡದ ಮುಂದೆ ಬಂದು ಸಕ್ರವ್ವನ ಕಟ್ಟು ನೋಡಿದವರು ಅಲ್ಲೇ ಮಂಡಿಯೂರಿದರು. "ಕಮಲಾ, ಬಾ ಇಲ್ಲಿ ನೋಡು. ಗೂಟಿ ಕಟ್ಟಿದ್ದಾನೆ! ಕಾಂಡ ಸೀಳಿ, ಸಗಣಿ ಮೆತ್ತಿ, ನಾರು ಸುತ್ತಿ, ಬಟ್ಟೆ ಕಟ್ಟಿದ್ದಾನೆ. ತಿಂಗಳಲ್ಲಿ ಇಲ್ಲೇ ಬೇರು ಬರುತ್ತೆ. ಒಂದು ಗಿಡ ಎರಡಾಗುತ್ತೆ!"

ಮನೆಯೊಳಗಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹೆಚ್ಚು ಬೆರಗಾದವಳು ಸಕ್ರವ್ವ.

ಸಾಹೇಬರು ಎದ್ದು ಗುರಲಿಂಗಪ್ಪನ ಎರಡೂ ಕೈ ಹಿಡಿದುಕೊಂಡರು. "ಇಂಥವನನ್ನ ನಾನು ಹುನಗುಂದಕ್ಕೆ ಕಳಿಸೋದಾ? ಸಾಧ್ಯವೇ ಇಲ್ಲ! ನೀನು ಇಲ್ಲೇ ಇರಬೇಕು. ನನ್ನ ಹತ್ತಿರ. ನಾನು ನಿವೃತ್ತಿ ಆಗೋವರೆಗೂ!"

ಗುರಲಿಂಗಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. ಗಿಡ ಸತ್ತರೂ ಕೇಡು, ಬದುಕಿದರೂ ಕೇಡು. "ಸಾಹೇಬ್ರ..." ಎಂದ. ಮುಂದಿನ ಮಾತು ಆ ಹಿರಿಯ ಕೋತಿಯ ದನಿಯಂತೆ ಹೊರಡಲೇ ಇಲ್ಲ.

ಅಮ್ಮಾವರು ಮಾತ್ರ ಗಿಡ ನೋಡದೆ ಅವನ ಮುಖ ನೋಡುತ್ತಿದ್ದರು. "ರೀ, ಮಾತು ಕೊಟ್ಟಿದ್ದೀರಿ," ಎಂದರು. "ಆ ಹುಡುಗಿ ಎಳೇ ಕೂಸು ಕಟ್ಟಿಕೊಂಡು ಒಬ್ಬಳೇ ಇದ್ದಾಳೆ. ನಿಮಗೆ ಗಿಡದ ಮೇಲಿರೋ ಕರುಣೆ ಮನುಷ್ಯರ ಮೇಲೂ ಸ್ವಲ್ಪ ಇರಲಿ."

ಸಾಹೇಬರು ದೊಡ್ಡ ಗಿಡವನ್ನೊಮ್ಮೆ ನೋಡಿದರು, ಹೆಂಡತಿಯನ್ನೊಮ್ಮೆ ನೋಡಿದರು. ಎರಡನೆಯದು ಹೆಚ್ಚು ಹೊತ್ತು ನೋಡಲಾಗಲಿಲ್ಲ. ನಿಟ್ಟುಸಿರು ಬಿಟ್ಟು ಚೀಲದಿಂದ ಮೊಹರು ಹಾಕಿದ ಲಕೋಟೆ ತೆಗೆದರು.

"ತಗೋ. ಬೆಂಗಳೂರಿನ ದೊಡ್ಡ ಕಚೇರಿಯಲ್ಲೇ ಸಹಿ ಮಾಡಿಸಿಕೊಂಡು ಬಂದಿದ್ದೇನೆ. ನಾಳೆ ಬೆಳಿಗ್ಗೆ ಹುನಗುಂದದಲ್ಲಿ ಹಾಜರಾಗು. ನಿನ್ನ ಜಾಗಕ್ಕೆ ಬರೋನು ಆಗಲೇ ಹೊರಟಾಗಿದೆ. ಇನ್ನು ಮೂರು ವರ್ಷ ಯಾರೂ ನಿನ್ನನ್ನ ಅಲ್ಲಿಂದ ಕದಲಿಸೋ ಹಾಗಿಲ್ಲ. ನಾನು ಮನಸ್ಸು ಮಾಡಿದರೂ ಆಗೋದಿಲ್ಲ."

ಗುರಲಿಂಗಪ್ಪ ಸಾಹೇಬರ ಕಾಲಿಗೆ ಬಿದ್ದ. ಅಮ್ಮಾವರ ಕಾಲಿಗೆ ಬಿದ್ದ. ಅದೇ ಭರದಲ್ಲಿ ಸಕ್ರವ್ವನ ಕಾಲಿಗೂ ಬಿದ್ದ. ಕುಂಡಗಳನ್ನು ಟಾಂಗಾಕ್ಕೆ ಏರಿಸಿದ್ದಾಯಿತು. ಸಾಹೇಬರು ದೊಡ್ಡ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು, "ನಿಧಾನ, ನಿಧಾನ" ಎಂದು ಕೂಗುತ್ತ ಹೋದರು.

ಟಾಂಗಾ ಮರೆಯಾದದ್ದೇ ತಡ, ಕೋಣೆಯಲ್ಲಿ ಹಬ್ಬ ಎರಡನೆಯ ಸಲ ಶುರುವಾಯಿತು. ಕಾಶಪ್ಪ ಗುರಲಿಂಗಪ್ಪನನ್ನು ಎತ್ತಿ ತಿರುಗಿಸಿದ. ಸೋಮವ್ವ ಲಕೋಟೆಗೆ ಭಂಡಾರ ಹಚ್ಚಿ ಬೀರಪ್ಪನ ಪಟದ ಮುಂದಿಟ್ಟಳು.

"ನೋಡಿದಿ? ಚರಗಾ ಚೆಲ್ಲಿದ್ದಕ್ಕ ಭೂಮ್ತಾಯಿ ಕೈ ಬಿಡಲಿಲ್ಲ," ಎಂದಳು.

"ಖರೆ ಯವ್ವಾ, ಖರೆ!" ಎಂದು ಗುರಲಿಂಗಪ್ಪ ಟ್ರಂಕು ಎಳೆದು ಅಂಗಿ, ಧೋತರ, ಚಿಮಣಿ ಬುಡ್ಡಿ ಎಲ್ಲವನ್ನೂ ಒಟ್ಟಿಗೇ ತುರುಕತೊಡಗಿದ. "ನಸಿಕಿನ ಬಸ್ಸಿಗೆ ಹೋಗೂಣು. ಸಾವಂತ್ರಿಗೆ ಹೇಳಬಾರದು. ಬಾಗಲಾ ಬಡದು, ಯಾರಂತ ಕೇಳಿದ್ರ ಸುಮ್ಮ ನಿಂದರತೇನಿ. ಹೆಂಗ ಆಕ್ಕಾಳ ನೋಡು!"

ಯಾರೋ ಬಾಗಿಲು ಬಡಿದರು.

"ಯಾರು?" ಎಂದ ಗುರಲಿಂಗಪ್ಪ.

ಉತ್ತರ ಬರಲಿಲ್ಲ. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಸಾವಂತ್ರವ್ವ! ಕಂಕುಳಲ್ಲಿ ಮಗಳು, ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ, ಹಿಂದೆ ಹಮಾಲನ ತಲೆಯ ಮೇಲೆ ಒಂದು ಟ್ರಂಕು, ಟ್ರಂಕಿನ ಮೇಲೆ ತೊಟ್ಟಿಲು, ತೊಟ್ಟಿಲೊಳಗೆ ಸ್ಟೋವು. ಅವಳ ಮುಖ ಹೊಸ ಇಳಕಲ್ ಸೀರೆಯ ಸೆರಗಿನಂತೆ ಕೆಂಪಗೆ ಹೊಳೆಯುತ್ತಿತ್ತು.

"ಸಾವಂತ್ರೀ! ನೀ ಇಲ್ಲೆ ಹೆಂಗ?"

"ಹೇಳಲಾರದ ಬಂದೇನ್ರಿ. ನಿಮ್ಮ ಮಾರಿ ಹೆಂಗಾಗತೈತಿ ನೋಡಬೇಕಾಗಿತ್ತು," ಎಂದು ಅವಳು ನಗುತ್ತಲೇ ಒಳಗೆ ಬಂದಳು. "ಅತ್ತೀ, ಕಡಬು ಉಳದಾವೇನ್ರಿ? ಎರಡ ಬಸ್ಸ ಬದಲಿ ಮಾಡೂದ್ರಾಗ ಹೊಟ್ಟಿ ಹಸದು ಸಾಯಾಕತ್ತೇನಿ."

"ಹಬ್ಬಕ್ಕ ಬಂದ್ಯೇನವ್ವಾ?" ಎಂದಳು ಸೋಮವ್ವ, ಮೊಮ್ಮಗಳನ್ನು ಎತ್ತಿಕೊಳ್ಳುತ್ತ.

"ಹಬ್ಬಕ್ಕಲ್ರಿ ಅತ್ತೀ, ಇರಾಕ! ನನಗ ಬಾದಾಮಿ ಹೆಣ್ಣ ಮಕ್ಕಳ ಸಾಲಿಗೆ ವರ್ಗಾ ಆತು!"

ಗುರಲಿಂಗಪ್ಪನ ಕೈಯಲ್ಲಿದ್ದ ಚಿಮಣಿ ಬುಡ್ಡಿ ಟ್ರಂಕಿನೊಳಗೆ ಬಿತ್ತು.

"ಇಲ್ಲಿಯ ಒಬ್ಬ ಅಕ್ಕೋರಿಗೆ ಮರೋಳ ಬೇಕಾಗಿತ್ರಿ," ಎಂದು ಸಾವಂತ್ರವ್ವ ಉಸಿರು ತೆಗೆಯದೆ ಹೇಳುತ್ತಿದ್ದಳು. "ಇಬ್ರೂ ಕೂಡಿ ಅದಲಬದಲ ಅರ್ಜಿ ಹಾಕಿದ್ವಿ. ನಾಕ ತಿಂಗಳ ಕಚೇರಿ ಕಚೇರಿ ಅಡ್ಡ್ಯಾಡೇನಿ, ನಿಮಗ ಒಂದ ಮಾತ ಹೇಳಿಲ್ಲ. ನೀವ ಸಾಹೇಬ್ರ ಮುಂದ ಎಷ್ಟಂತ ಕೈ ಮುಗೀತೀರಿ ಅಂದೆ. ಅವರು ನಿನ್ನೇನ ಮರೋಳದಾಗ ಹಾಜರ ಆದ್ರು. ನಾಳೆ ನಾ ಇಲ್ಲೆ. ಇನ್ನ ಮೂರ ವರ್ಷ ಯಾರೂ ನನ್ನ ಇಲ್ಲಿಂದ ಅಲಗ್ಯಾಡಸಾಂಗಿಲ್ಲ!"

ಕಾಶಪ್ಪ ಬಾಗಿಲ ಹೊರಗೆ ನೋಡಿದ. ಟಾಂಗಾದ ಧೂಳೂ ಅಡಗಿತ್ತು.

"ಯಾಕ್ರಿ, ಎಲ್ಲಾರೂ ಹಿಂಗ ನಿಂತೀರಿ?" ಎಂದಳು ಸಾವಂತ್ರವ್ವ. ಆಗ ಅವಳ ಕಣ್ಣು ಅರ್ಧ ತುಂಬಿದ ಟ್ರಂಕಿನ ಮೇಲೆ ಬಿತ್ತು. "ಎಲ್ಲಿಗೆ ಹೊಂಟೀರಿ?"

ಗುರಲಿಂಗಪ್ಪ ಪಟದ ಮುಂದಿದ್ದ ಲಕೋಟೆಯನ್ನು ತಂದು ಅವಳ ಕೈಗೆ ಕೊಟ್ಟ. ಅವಳು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಗೋಡೆಗೆ ಕೈ ಊರಿ ಮೆಲ್ಲಗೆ ಕೂತಳು. ಸಕ್ರವ್ವ ಒಂದು ಕಡುಬು ತಂದು ಇಬ್ಬರಿಗೂ ಅರ್ಧರ್ಧ ಮಾಡಿ ಕೊಟ್ಟಳು. ಅವಳಿಗೆ ಬೇರೇನು ಮಾಡಬೇಕೋ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಸಾವಂತ್ರವ್ವ ಬಾದಾಮಿಯ ಸಾಲೆಯಲ್ಲಿ ಹಾಜರಾದಳು, ಗುರಲಿಂಗಪ್ಪ ಹುನಗುಂದದ ಕಚೇರಿಯಲ್ಲಿ ಹಾಜರಾದ. ಸಾಹೇಬರ ಒಂದು ಗಿಡ ತಿಂಗಳೊಳಗೆ ಎರಡಾಯಿತು. ಗಂಡನಿಗೆ ಹೆಂಡತಿಯ ತಾಲೂಕು ಸಿಕ್ಕಿತು, ಹೆಂಡತಿಗೆ ಗಂಡನ ಊರು ಸಿಕ್ಕಿತು. ನಡುವಿನ ದಾರಿ ಮಾತ್ರ ಒಂದು ಮೈಲಿಯೂ ಕಡಿಮೆಯಾಗಲಿಲ್ಲ.